ಆನೆಗೊಂದಿ ಬಂಡೆಗಳ ಆಟಕ್ಕೆ ಬಂಡೆ ರಾಕ್ಷಸ ಬೇಕು: ಜಿಯೋಡ್ಯೂಡ್ ಲೆಕ್ಕ, ಸಿಡಿಯುವ ಲೆಕ್ಕ, ಆರ್‌ಪಿಜಿ ಮೇಕರ್ ಲೆಕ್ಕ

ಗಂಗಾವತಿ_ಪಿಕ್ಸೆಲ್

ಎಲ್ಲರಿಗೂ ಶರಣು. ಆನೆಗೊಂದಿ, ಸಾಣಾಪುರದ ಬಂಡೆ ಗುಡ್ಡದಾಗ ನಡಿಯೋ ಒಂದು ಸಣ್ಣ ಕನ್ನಡ ಆರ್‌ಪಿಜಿ (ಪಾತ್ರ ಬೆಳೆಸಿಕೋತ ಆಡೋ ಕಂಪ್ಯೂಟರ್ ಆಟ) ಕಟ್ಟಾಕತ್ತೀವಿ. ಕಟ್ಟೋ ಸಾಫ್ಟ್‌ವೇರ್ ಆರ್‌ಪಿಜಿ ಮೇಕರ್ ಎಂವಿ, ಟರ್ನ್ (ಸರದಿ) ಪ್ರಕಾರ ಹೊಡೆದಾಟ. ಮೊದಲನೇ ಗುಹೆಯೊಳಗ ನಾಯಕಿ ಒಬ್ಬಾಕಿನ ಇರ್ತಾಳ. ಆಕಿ ಹತ್ರ ಕತ್ತಿ, ಬೆಂಕಿ ಮಂತ್ರ, ನೀರಿನ ಮಂತ್ರ. ಎರಡನೇ ಗುಹೆಗೆ ಇನ್ನಿಬ್ಬರು ಕತ್ತಿಯವರು ಕೂಡ್ತಾರ.

ತೊಡಕು ಇರೋದು ಮೊದಲ ಗುಹೆಯ ಬಂಡೆ ರಾಕ್ಷಸನ ಅಂಕಿಗಳಾಗ. ಎಚ್‌ಪಿ (ಜೀವದ ಅಂಕ) 400, ಡಿಫೆನ್ಸ್ (ಏಟು ತಡಿಯೋ ಬಲ) 40. ನಾಯಕಿಯ ಅಟ್ಯಾಕ್ 20. ಕತ್ತಿ ಏಟಿಗೆ ಸೊನ್ನೆ ಬರತೈತಿ. ಡಿಫೆನ್ಸ್ 36ಕ್ಕ ಇಳಿಸಿದ್ರ ಏಟಿಗೆ 8, ಅಂದ್ರ 50 ಏಟು ಹೊಡೀಬೇಕು. ಒಂದು ಕಡೆ ಸಾಯೋದಿಲ್ಲ, ಇನ್ನೊಂದು ಕಡೆ ಬೇಸರ. ದೊಡ್ಡ ಸರಣಿಗಳಾಗ ಬಂಡೆ ವೈರಿನ್ನ ಹೆಂಗ ಕಟ್ಟ್ಯಾರ, ಅಂಕಿ ಸಮೇತ ಹೇಳ್ರಿ.

ಬಳ್ಳಾರಿ_ಗುಡ್ಡ

ತಮ್ಮಾ, ಮೊದಲು ಎಚ್‌ಪಿ ಇಳಿಸು. ಬಂಡೆ ಅಂದ ಕೂಡಲೇ ಎಲ್ಲರ ಕೈ ಎಚ್‌ಪಿ ಕಡೆಗೇ ಹೋಗ್ತೈತೆ, ಅಲ್ಲೇ ಆಟ ಕೆಡೋದು. ಪೋಕೆಮಾನ್ ಸರಣಿ 1996ರಿಂದ ಇಂಥ ಬಂಡೆ ವೈರಿಯನ್ನ ಗುಹೆ ಗುಹೆಯಲ್ಲೂ ಇಟ್ಕೊಂಡು ಬಂದೈತೆ. ಅವರ ಜಿಯೋಡ್ಯೂಡ್ ಅನ್ನೋ ಬಂಡೆ, ಅದು ಬೆಳೆದು ಆಗೋ ಗ್ರಾವೆಲರ್, ಗೋಲೆಮ್, ಇವುಗಳ ಅಂಕಿ ನೋಡು. ಸ್ಪೆಷಲ್ ಅಂದ್ರೆ ಮಂತ್ರದಂಥ ಏಟಿನ ಲೆಕ್ಕ.

ಜಿಯೋಡ್ಯೂಡ್: ಎಚ್‌ಪಿ 40, ಅಟ್ಯಾಕ್ 80, ಡಿಫೆನ್ಸ್ 100, ಸ್ಪೆಷಲ್ ಅಟ್ಯಾಕ್ 30, ಸ್ಪೆಷಲ್ ಡಿಫೆನ್ಸ್ 30, ಸ್ಪೀಡ್ 20.
25ನೇ ಲೆವೆಲ್‌ಗೆ ಗ್ರಾವೆಲರ್: 55, 95, 115, 45, 45, 35.
ಟ್ರೇಡ್ ಮಾಡಿದ್ರೆ (ಇನ್ನೊಬ್ಬ ಆಟಗಾರನ ಜೊತೆ ಅದಲು ಬದಲು) ಗೋಲೆಮ್: 80, 120, 130, 55, 65, 45. ಈ ಅಟ್ಯಾಕ್ 120 ಆರನೇ ಜನರೇಶನ್‌ನಿಂದ (ಸರಣಿಯ ಆರನೇ ಪೀಳಿಗೆಯ ಆಟಗಳಿಂದ) ಬಂದದ್ದು, ಅದಕ್ಕೂ ಮುಂಚೆ 110 ಇತ್ತು.

ಡಿಫೆನ್ಸ್ 100, ಸ್ಪೆಷಲ್ ಡಿಫೆನ್ಸ್ 30. ಮೂರು ಪಟ್ಟಿಗಿಂತ ಹೆಚ್ಚು ಅಂತರ. ಇದರ ಮೇಲೆ ಟೈಪ್ ಲೆಕ್ಕ, ಅಂದ್ರೆ ವೈರಿ ಯಾವ ಜಾತಿ, ಏಟು ಯಾವ ಜಾತಿ ಅನ್ನೋ ಲೆಕ್ಕ, ಬೇರೆ. ರಾಕ್ ಮತ್ತು ಗ್ರೌಂಡ್ ಎರಡೂ ಸೇರಿರೋದ್ರಿಂದ ನೀರು, ಹುಲ್ಲಿನ ಏಟು 4 ಪಟ್ಟು ಬೀಳ್ತೈತೆ. ಫೈಟಿಂಗ್, ಗ್ರೌಂಡ್, ಐಸ್, ಸ್ಟೀಲ್ 2 ಪಟ್ಟು. ನಾರ್ಮಲ್, ಫೈರ್, ಫ್ಲೈಯಿಂಗ್, ರಾಕ್ ಅರ್ಧ. ವಿಷ ಕಾಲು ಭಾಗ. ಕರೆಂಟ್ ತಾಗೋದೇ ಇಲ್ಲ.

ಇದು ಆಟದಲ್ಲಿ ಹೆಂಗೆ ಕಾಣ್ತೈತೆ ಅಂದ್ರೆ, 2004ರ ಪೋಕೆಮಾನ್ ಆಟ ಫೈರ್‌ರೆಡ್‌ನ ಎದುರಾಳಿ ಬ್ರಾಕ್‌ನನ್ನ ತಗೋ. ಅವನ ಹತ್ರ 12ನೇ ಲೆವೆಲ್ ಜಿಯೋಡ್ಯೂಡ್, 14ನೇ ಲೆವೆಲ್ ಓನಿಕ್ಸ್ ಅನ್ನೋ ಇನ್ನೊಂದು ಬಂಡೆ ವೈರಿ. ಓನಿಕ್ಸ್‌ನ ಮೂಲ ಅಂಕಿ ಎಚ್‌ಪಿ 35, ಡಿಫೆನ್ಸ್ 160, ಸ್ಪೆಷಲ್ ಡಿಫೆನ್ಸ್ 45. ಎರಡೂ ಕಡೆ ಐವಿ (ಹುಟ್ಟಿನಿಂದ ಬಂದ ಗುಪ್ತ ಅಂಕಿ) 15, ಸ್ವಭಾವ ಸಮ ಅಂತ ಹಿಡಿದ್ರೆ 14ನೇ ಲೆವೆಲ್‌ನಲ್ಲಿ ಓನಿಕ್ಸ್ ಎಚ್‌ಪಿ 35, ಡಿಫೆನ್ಸ್ 51, ಸ್ಪೆಷಲ್ ಡಿಫೆನ್ಸ್ 19. ಎದುರಿಗೆ ಆಟಗಾರನ 13ನೇ ಲೆವೆಲ್ ಸ್ಕ್ವರ್ಟಲ್ (ನೀರಿನ ಪೋಕೆಮಾನ್), ಅಟ್ಯಾಕ್ 19, ಸ್ಪೆಷಲ್ ಅಟ್ಯಾಕ್ 19.

ಟ್ಯಾಕಲ್ (ಮೈಯಿಂದ ಗುದ್ದೋ ನಾರ್ಮಲ್ ಏಟು) ಹೊಡೆದ್ರೆ ಡ್ಯಾಮೇಜ್ 1.
ನೀರಿನ ಏಟು ಬಬಲ್ ಹೊಡೆದ್ರೆ 20ರಿಂದ 24.
ವಾಟರ್ ಗನ್ ಹೊಡೆದ್ರೆ 34ರಿಂದ 40.

ಅದೇ ಸ್ಕ್ವರ್ಟಲ್, ಅದೇ ಓನಿಕ್ಸ್. ತಪ್ಪು ಏಟಿಗೆ 35 ಟರ್ನ್, ಸರಿಯಾದ ಏಟಿಗೆ 1 ಇಲ್ಲಾ 2 ಟರ್ನ್. ಬಂಡೆ ವೈರಿ ಅಂದ್ರೆ ಇದು. ತಪ್ಪು ಕೈಗೆ ಗೋಡೆ, ಸರಿಯಾದ ಕೈಗೆ ಬಾಗಿಲು. ಎಚ್‌ಪಿ 400 ಇಟ್ರೆ ಎರಡೂ ಕೈಗೆ ಗೋಡೆನೇ.

ಹಟ್ಟಿ_ಕಿಡಿ

ಬಳ್ಳಾರಿ ಅಣ್ಣ, ಬೆಂಕಿ ಪೋಕೆಮಾನ್ ಚಾರ್ಮ್ಯಾಂಡರ್ ತಗೊಂಡವರ ಲೆಕ್ಕನೂ ಹಾಕ್ರಿ. ಫೈರ್‌ರೆಡ್‌ದಾಗ 13ನೇ ಲೆವೆಲ್‌ಗೆ ಮೆಟಲ್ ಕ್ಲಾ ಕಲೀತದ, ಸ್ಟೀಲ್ ಅಂದ್ರ 2 ಪಟ್ಟು. ಎಲ್ಲರೂ ಅದನ್ನೇ ಹೊಡೀರಿ ಅಂತಾರ. ಬೆಂಕಿ ಏಟು ಎಂಬರ್ ಹೊಡೀಬ್ಯಾಡ್ರಿ, ಅರ್ಧ ಬೀಳ್ತದ ಅಂತಾರ.

ಬಳ್ಳಾರಿ_ಗುಡ್ಡ

ಅಕ್ಕ, ಚೆನ್ನಾಗಿ ಕೇಳಿದ್ರಿ. ಅದೇ ಐವಿ ಹಿಡಿದು ಹಾಕಿದ್ರೆ ಮೆಟಲ್ ಕ್ಲಾ 6ರಿಂದ 8, ಎಂಬರ್ 5ರಿಂದ 6. ಒಂದು 2 ಪಟ್ಟು, ಇನ್ನೊಂದು ಅರ್ಧ, ಆದರೂ ವ್ಯತ್ಯಾಸ ಅಷ್ಟೇ! ಯಾಕಂದ್ರೆ ಮೆಟಲ್ ಕ್ಲಾ 51ರ ಡಿಫೆನ್ಸ್‌ಗೆ ಹೋಗಿ ಬಡೀತೈತೆ, ಎಂಬರ್ 19ರ ಸ್ಪೆಷಲ್ ಡಿಫೆನ್ಸ್‌ಗೆ ಬಡೀತೈತೆ. ಮೇಲಾಗಿ ಎಂಬರ್‌ಗೆ ಫೈರ್ ಟೈಪ್‌ನ ಸ್ವಂತ 1.5 ಪಟ್ಟು ಸೇರ್ತೈತೆ. ಎಂಬರ್‌ನಿಂದ ನೂರಕ್ಕೆ 10 ಸಲ ಬರ್ನ್ (ಸುಟ್ಟ ಗಾಯ) ಆಗ್ತೈತೆ, ಬರ್ನ್ ಆದ್ರೆ ಓನಿಕ್ಸ್‌ನ ಟ್ಯಾಕಲ್, ರಾಕ್ ಟೂಂಬ್ ಅನ್ನೋ ಏಟು ಎರಡೂ ಅರ್ಧಕ್ಕೆ ಇಳೀತಾವೆ. ಮೆಟಲ್ ಕ್ಲಾ ನೂರಕ್ಕೆ 95 ಸಲ ಮಾತ್ರ ತಾಗ್ತೈತೆ. ಅದಕ್ಕೇ ಮೊದಲು ಬರ್ನ್ ಆಗೋ ತನಕ ಎಂಬರ್, ಆಮೇಲೆ ಮೆಟಲ್ ಕ್ಲಾ ಅನ್ನೋದೂ ಒಂದು ಒಳ್ಳೆ ದಾರಿನೇ.

ಇದೂ ಕಟ್ಟುವವರಿಗೆ ಪಾಠ. ಟೈಪ್ ಪಟ್ಟಿ ಒಂದೇ ನೋಡಿದ್ರೆ ಸಾಲದು, ಯಾವ ಡಿಫೆನ್ಸ್ ಮೇಲೆ ಬೀಳ್ತೈತೆ ಅನ್ನೋದೂ ಲೆಕ್ಕಕ್ಕೆ ಬರ್ಬೇಕು. ಮೂರನೇ ಜನರೇಶನ್ ತನಕ ಏಟು ಫಿಸಿಕಲ್ಲೋ (ಡಿಫೆನ್ಸ್ ಮೇಲೆ ಬೀಳೋದೋ) ಸ್ಪೆಷಲ್ಲೋ ಅನ್ನೋದನ್ನ ಟೈಪ್ ಹೇಳ್ತಿತ್ತು. 2006ರ ಡೈಮಂಡ್, ಪರ್ಲ್‌ನಿಂದ ಒಂದೊಂದು ಮೂವ್‌ಗೂ (ಏಟಿಗೂ) ಬೇರೆ ಬೇರೆ ಆಯ್ತು.

ದೋಆಬ್_ಕೋಡ್

ಗಂಗಾವತಿಯವರೇ, ನಿಮ್ಮ ಸೊನ್ನೆಗೆ ಕಾರಣ ಎಂಜಿನ್ನಿನ (ಆಟ ನಡೆಸುವ ಸಾಫ್ಟ್‌ವೇರ್‌ನ) ಸೂತ್ರ. ಎಂವಿಯಲ್ಲಿ ಮೊದಲಿನಿಂದಲೇ ಇರುವ ಕತ್ತಿ ಏಟಿನ ಸೂತ್ರ ಹೀಗೆ: ಹೊಡೆಯುವವರ ಅಟ್ಯಾಕ್ × 4, ಅದರಿಂದ ಏಟು ತಿನ್ನುವವರ ಡಿಫೆನ್ಸ್ × 2 ಕಳೆಯಬೇಕು. ಅಟ್ಯಾಕ್ 20 ಇದ್ದರೆ 80. ಡಿಫೆನ್ಸ್ 36ಕ್ಕೆ 8, 38ಕ್ಕೆ 4, 40ಕ್ಕೆ 0. ಎರಡು ಅಂಕಿ ಏರಿಸಿದರೆ ಡ್ಯಾಮೇಜ್ ಅರ್ಧ, ಇನ್ನೆರಡು ಏರಿಸಿದರೆ ಸೊನ್ನೆ. ಕಳೆಯುವ ಸೂತ್ರದಲ್ಲಿ ದಪ್ಪ ಚರ್ಮದ ವೈರಿಯನ್ನು ಹದಕ್ಕೆ ತರುವುದು ಬಹಳ ಕಷ್ಟ. ನಾಯಕಿಗೆ ಹೊಸ ಕತ್ತಿ ಸಿಕ್ಕು ಅಟ್ಯಾಕ್ 25 ಆದರೆ ಅದೇ ಬಂಡೆ ಒಮ್ಮೆಲೇ 20 ತಿನ್ನುತ್ತದೆ.

ಪೋಕೆಮಾನ್ ಕಳೆಯುವುದಿಲ್ಲ, ಭಾಗಿಸುತ್ತದೆ. ಅಟ್ಯಾಕ್ ಭಾಗಿಸು ಡಿಫೆನ್ಸ್. ಹಾಗಾಗಿ ಡಿಫೆನ್ಸ್ ಎಷ್ಟೇ ಏರಿದರೂ ಸೊನ್ನೆಗೆ ಬೀಳದೆ ನಿಧಾನವಾಗಿ ಇಳಿಯುತ್ತದೆ. ನೀವೂ ಎಲ್ಲ ಸ್ಕಿಲ್‌ಗಳ (ಏಟು, ಮಂತ್ರಗಳ) ಡ್ಯಾಮೇಜ್ ಪೆಟ್ಟಿಗೆಯಲ್ಲಿ ಸೂತ್ರ ಬದಲಿಸಿ: 30 × ಅಟ್ಯಾಕ್ ÷ ಡಿಫೆನ್ಸ್. ಮಂತ್ರಗಳಿಗೆ 30 × ಮ್ಯಾಜಿಕ್ ಅಟ್ಯಾಕ್ ÷ ಮ್ಯಾಜಿಕ್ ಡಿಫೆನ್ಸ್. ಒಂದು ಸ್ಕಿಲ್‌ಗೆ ಹಳೆ ಸೂತ್ರ ಉಳಿದರೂ ತೂಕ ತಪ್ಪುತ್ತದೆ, ಆದ್ದರಿಂದ ಗುಂಪು ಗುಂಪಾಗಿ ಅಲ್ಲ, ಪೂರ್ತಿ ಪಟ್ಟಿಯನ್ನೇ ಬದಲಿಸಬೇಕು.

ಬಂಡೆಗೆ ಡಿಫೆನ್ಸ್ 60, ಮ್ಯಾಜಿಕ್ ಡಿಫೆನ್ಸ್ 15 ಕೊಡಿ. ನಾಯಕಿಯ ಮ್ಯಾಜಿಕ್ ಅಟ್ಯಾಕ್ 15 ಎಂದು ಹಿಡಿಯೋಣ. ಕತ್ತಿಗೆ 10, ಮಂತ್ರಕ್ಕೆ 30. ಟೈಪ್ ಪಟ್ಟು ಇದರ ಮೇಲೆ.

ಕೊಪ್ಪಳ_ಕೋಟೆ

ಲೆಕ್ಕದ ನಡುವೆ ರೂಪದ ಮಾತೂ ಬರ್ಲಿ. ಕೈಕಾಲು ಇರೋ ಚೂಪು ಕಲ್ಲಿನ ರಾಶಿ ಬರದ್ರ ಅದು ಎಲ್ಲಿ ಬೇಕಾದ್ರೂ ಇರೋ ರಾಕ್ಷಸ ಆಗತೈತಿ. ಆನೆಗೊಂದಿ ಬಂಡೆ ಹಂಗಿಲ್ಲ. ಸುಮಾರು 250 ಕೋಟಿ ವರ್ಷ ಹಳೇ ಗ್ರಾನೈಟ್. ಅದರೊಳಗ ಉದ್ದಕ್ಕ, ಅಡ್ಡಕ್ಕ ಸೀಳುಗಳು ಇರ್ತಾವ. ಆ ಸೀಳಿನ ಗುಂಟ ನೀರು ಇಳಿದು, ಮೂಲಿಗಳು ಮೊದಲ ಸವದು, ನಡುವಿನ ಗಟ್ಟಿ ತಿರುಳು ಗುಂಡಗ ಉಳೀತೈತಿ. ಮ್ಯಾಲಿನ ಪದರ ಸಿಪ್ಪಿ ಸಿಪ್ಪಿಯಾಗಿ ಬಿಡತೈತಿ. ಗುಂಡುಗಳು ಎಲ್ಲಿಂದನೋ ಉರುಳಿ ಬಂದಿಲ್ಲ, ಬಹಳಷ್ಟು ಇದ್ದಲ್ಲೇ ಆಗ್ಯಾವ.

ಅದಕ್ಕ ಬರಿಯಾಗ: ಹೊರಗೆರೆ ಗುಂಡಗ, ಒಳಗಿನ ಬಿರುಕು ಮಾತ್ರ ನೇರ. ಒಂದು ಬಿರುಕು ನಿಂತದ್ದು, ಒಂದು ಮಲಗಿದ್ದು, ಎರಡೂ ಕೂಡೋ ಜಾಗದಾಗ ಕಣ್ಣು. ಬಣ್ಣ ಆರೇ ಸಾಕು. ಬೂದಿ ಮೂರು ಛಾಯೆ, ತೆಳು ಗುಲಾಬಿ ಒಂದು, ಬಿರುಕಿಗೆ ಕಡುಕಂದು, ಮಳೆನೀರು ಹರಿದಲ್ಲಿ ಮ್ಯಾಲಿಂದ ಕೆಳಗ ಕಪ್ಪು ಪಟ್ಟಿ. ಆ ಕಪ್ಪು ಪಟ್ಟಿ ಬಿಟ್ರ ಇದು ನಮ್ಮ ಗುಡ್ಡ ಅನಿಸೋದಿಲ್ಲ. ನೆಲದ ಟೈಲ್ ಎಂವಿದಾಗ 48×48. ರಾಕ್ಷಸನ್ನ ಗುಡ್ಡದ ಬಂಡೆಗಳ ಜೋಡಿ ಹೊಂದಿಸಬೇಕಂದ್ರ ಅದೇ ಆರು ಬಣ್ಣ ಟೈಲಿಗೂ ಬಳಸ್ರಿ. ಆಗ ನಡಕೋತ ಹೋಗುವಾಗ ಯಾವುದು ಬರೇ ಬಂಡೆ, ಯಾವುದು ವೈರಿ ಅಂತ ಕಪ್ಪು ಪಟ್ಟಿಯ ನಡುವಿನ ಕಣ್ಣು ಹುಡುಕೇ ತಿಳೀಬೇಕು.

ಇನ್ನೊಂದು ಮಾತು. ಹಂಪಿ, ಆನೆಗೊಂದಿ ಕಡೆ ಸೀಳಿದ ಬಂಡೆಗಳ ಅಂಚಿನಾಗ ಸಾಲಾಗಿ ಚೌಕ ತೂತು ಕಾಣ್ತಾವಲ್ಲ, ಕಲ್ಲು ಒಡೆಯೋರು ಬೆಣೆ ಬಡಿದ ಗುರುತು ಅವು. ಬಂಡಿ ಮುಖಕ್ಕ ಸುತ್ತಿಗಿ ಬಡಿದ್ರ ಕೈ ನೋಯತೈತಿ. ಸಾಲು ಹಿಡಿದು ತೂತು ಹೊಡೆದು ಬೆಣೆ ಇಟ್ರ ಆನೆಯಷ್ಟು ಬಂಡಿನೂ ಎರಡಾಗತೈತಿ. ಬಳ್ಳಾರಿ ಅಣ್ಣ ಹೇಳಿದ ಡಿಫೆನ್ಸ್ 100, ಸ್ಪೆಷಲ್ ಡಿಫೆನ್ಸ್ 30 ಅನ್ನೋದು ಅದೇ ಕೆಲಸ.

ಗಂಗಾವತಿ_ಪಿಕ್ಸೆಲ್

ಭಾಳ ಛಲೋ. ಸಿಡಿಯೋದರ ಬಗ್ಗೆ ಹೇಳ್ರಿ. ಸಾಯೋ ಮುಂದ ಸಿಡಿಯೋ ಬಂಡಿ ಮಾಡೋಣು ಅಂತ ಐತಿ, ಆದ್ರ ಹೊಸಬರು ಒಮ್ಮೆಗೇ ಸತ್ತು ಆಟ ಬಿಟ್ಟಾರು ಅನ್ನೋ ಅಂಜಿಕಿ.

ಹಟ್ಟಿ_ಕಿಡಿ

ಅಂಜಿಕಿ ಸರಿ ಅದ. ಪೋಕೆಮಾನ್‌ದಾಗ ಈ ಮೂವ್ ಎಷ್ಟು ಸಲ ಬದಲಾಗ್ಯದ ನೋಡ್ರಿ. ಮೊದಲ ಜನರೇಶನ್‌ದಾಗ ಸೆಲ್ಫ್ ಡಿಸ್ಟ್ರಕ್ಟ್ ಬಲ 130, ಎಕ್ಸ್‌ಪ್ಲೋಷನ್ 170. ಎರಡನೇದರಿಂದ 200, 250. ಇದರ ಮ್ಯಾಲ ನಾಲ್ಕನೇ ಜನರೇಶನ್ ತನಕ ಏಟು ತಿನ್ನೋರ ಡಿಫೆನ್ಸ್ ಅರ್ಧ ಅಂತ ಲೆಕ್ಕ ಹಿಡಿತಿತ್ತು, ಅಂದ್ರ 200 ಅನ್ನೋದು 400ರ ಏಟು. ಐದನೇದರಾಗ ಆ ಅರ್ಧ ತೆಗೆದ್ರು. ಬಲ ಅಷ್ಟೇ ಉಳೀತು, ಏಟು ಅರ್ಧ ಆಯ್ತು.

ಯಾವಾಗ ಸಿಡೀತದ ಅನ್ನೋದು ಇನ್ನೂ ಮುಖ್ಯ. ಮೊದಲ ಮೂರು ಜನರೇಶನ್‌ದಾಗ ಜಿಯೋಡ್ಯೂಡ್ 21ನೇ ಲೆವೆಲ್‌ಗೆ ಸೆಲ್ಫ್ ಡಿಸ್ಟ್ರಕ್ಟ್ ಕಲೀತದ. ಮೊದಲ ಗುಹೆ ಮೌಂಟ್ ಮೂನ್‌ದಾಗ ಸಿಗೋ ಜಿಯೋಡ್ಯೂಡ್ ಆ ಲೆವೆಲ್‌ಗೆ ಬಂದಿರಂಗಿಲ್ಲ, ಅದಕ್ಕ ಸಿಡಿಯಂಗಿಲ್ಲ. ಆಟಗಾರ ಮೊದಲು ಬಂಡಿ ಹೆಂಗ ಒಡೀಬೇಕು ಕಲೀತಾನ. ಸಿಡಿತ ಆಮ್ಯಾಲ ಬರ್ತದ.

ತಡಿಯೋ ದಾರಿಗಳೂ ಆಟದಾಗೇ ಅದಾವ. ಸೈಡಕ್, ಪೋಲಿವ್ಯಾಗ್, ವೂಪರ್‌ಗೆ ಡ್ಯಾಂಪ್ ಅನ್ನೋ ಗುಣ ಇದ್ರ ಯಾರೂ ಸಿಡಿಯಾಕ ಬರಂಗಿಲ್ಲ, ಇದು ಮೂರನೇ ಜನರೇಶನ್‌ನಿಂದ. ಗಾಸ್ಟ್ಲಿಯಂಥ ಘೋಸ್ಟ್ ಟೈಪ್‌ಗೆ ಸಿಡಿತ ತಾಗಂಗೇ ಇಲ್ಲ, ಯಾಕಂದ್ರ ಅದು ನಾರ್ಮಲ್ ಟೈಪ್ ಮೂವ್. ಪ್ರೊಟೆಕ್ಟ್ ಹಾಕಿದ್ರ ಏಟು ತಪ್ಪತದ, ಸಿಡಿದವ ಮಾತ್ರ ಹೋಗೇ ಹೋಗ್ತಾನ. ನಿದ್ದಿ ಮಾಡಿಸಿದ್ರೂ ಸಿಡಿಯಂಗಿಲ್ಲ. ಕಾಡಿನ ಪೋಕೆಮಾನ್ ಹಿಡಿದು ತಮ್ಮದು ಮಾಡ್ಕೋಬೇಕು ಅನ್ನೋರು ನಿದ್ದಿ ದಾರಿನೇ ಹಿಡೀಬೇಕು. ಜಿಯೋಡ್ಯೂಡ್ ಹಿಡಿಯೋ ಅಂಕಿ 255, ಅಂದ್ರ ಅತಿ ಸುಲಭ. ಗ್ರಾವೆಲರ್ 120, ಗೋಲೆಮ್ 45. ನೀರು ಹೊಡೆದು ಕುಗ್ಗಿಸಾಕ ಹೋದ್ರ 4 ಪಟ್ಟು ಬಿದ್ದು ಸತ್ತೇ ಹೋಗ್ತದ, ಅಲ್ಲಿ ಫಾಲ್ಸ್ ಸ್ವೈಪ್ (ಸಾಯಿಸದೆ 1 ಎಚ್‌ಪಿ ಉಳಿಸೋ ಏಟು) ಬೇಕು.

ಡ್ರ್ಯಾಗನ್ ಕ್ವೆಸ್ಟ್ ಸರಣಿಯ ಬಾಂಬ್ ಬಂಡಿ ನನಗ ಇನ್ನೂ ಛಲೋ ಅನಿಸ್ತದ. ಟರ್ನ್ ಟರ್ನ್‌ಗೆ ಸುಮ್ಮನ ನೋಡ್ಕೋತ ಕೂಡ್ತದ. ಏಟು ತಿಂದು ಕುಗ್ಗಿದ ಮ್ಯಾಲ ಸಿಡೀತದ. ಆ ಸುಮ್ಮನ ನೋಡೋದೇ ಎಚ್ಚರಿಕೆ. ಎಚ್ಚರಿಕೆ ಕೊಟ್ಟು ಸಿಡಿದ್ರ ಅನ್ಯಾಯ ಅನಿಸಂಗಿಲ್ಲ, ಕೊಡದೆ ಸಿಡಿದ್ರ ಆಟಗಾರ ಕಟ್ಟಿದವರನ್ನ ಬೈತಾನ.

ಬಳ್ಳಾರಿ_ಗುಡ್ಡ

ಅದೇ ಸರಣಿಯ 1986ರ ಮೊದಲ ಆಟದಲ್ಲಿ ಕ್ಯಾಂಟ್ಲಿನ್ ಊರಿನ ಬಾಗಿಲಿಗೆ ಗೋಲೆಮ್ ಅನ್ನೋ ರಾಕ್ಷಸ (ಪೋಕೆಮಾನ್‌ನದ್ದಲ್ಲ) ಕಾವಲು ನಿಂತಿರ್ತೈತೆ. ಫೇರಿ ಫ್ಲೂಟ್ ಊದಿದ್ರೆ ನಿದ್ದೆ. ಕೊಳಲು ಹುಡುಕಿ ತಂದವನಿಗೆ ಹಾದಿ ಸಲೀಸು.

ಸಿಡಿತದ ಜೊತೆ ಪೋಕೆಮಾನ್‌ನ ಸ್ಟರ್ಡಿ ಅನ್ನೋ ಗುಣ ಬೆರೆಸಬೇಡಿ, ಮೊದಲ ಗುಹೆಯಲ್ಲಂತೂ ಬೇಡ. ಮೂರು, ನಾಲ್ಕನೇ ಜನರೇಶನ್‌ನಲ್ಲಿ ಸ್ಟರ್ಡಿ ಅಂದ್ರೆ ಫಿಶರ್, ಹಾರ್ನ್ ಡ್ರಿಲ್ ಥರದ ಒಂದೇ ಏಟಿಗೆ ಸಾಯಿಸೋ ಮೂವ್ ತಾಗಲ್ಲ ಅಂತ ಅಷ್ಟೇ. 2010ರ ಬ್ಲ್ಯಾಕ್, ವೈಟ್‌ನಿಂದ ಎಚ್‌ಪಿ ಪೂರ್ತಿ ಇದ್ರೆ ಎಂಥ ಏಟಿಗೂ 1 ಎಚ್‌ಪಿ ಉಳಿಸ್ಕೊಳ್ತೈತೆ. ಅಲ್ಲಿಂದ 4 ಪಟ್ಟು ನೀರು ಬಿದ್ರೂ ಬದುಕಿ, ಆಮೇಲೆ ಸಿಡಿಯೋ ಬಂಡೆ ಹುಟ್ಟಿತು. ಆ ಆಟದಲ್ಲಿ ಜಿಯೋಡ್ಯೂಡ್ ಜಾಗಕ್ಕೆ ಬಂದ ರೋಗೆನ್‌ರೋಲಾಗೂ ಸ್ಟರ್ಡಿ ಐತೆ, ಅದೂ 25ಕ್ಕೆ ಬೋಲ್ಡೋರ್, ಟ್ರೇಡ್‌ಗೆ ಗಿಗಾಲಿತ್. ಸ್ಟರ್ಡಿ ಮುರಿಯೋಕೆ ಮೊದಲು ಸ್ವಲ್ಪ ಕೆರೆದು ಆಮೇಲೆ ಜೋರಾಗಿ ಹೊಡೀಬೇಕು. ಬುಲೆಟ್ ಸೀಡ್ ಥರ ಒಂದೇ ಟರ್ನ್‌ನಲ್ಲಿ ಹಲವು ಸಲ ಬೀಳೋ ಮೂವ್, ಒಳಗೆ ಬರುವಾಗಲೇ ಚುಚ್ಚೋ ಸ್ಟೆಲ್ತ್ ರಾಕ್, ವಿಷ, ಎದುರಿನವರ ಗುಣ ಲೆಕ್ಕಿಸದ ಮೋಲ್ಡ್ ಬ್ರೇಕರ್ ಗುಣ, ಇವೆಲ್ಲ ಕೆಲಸ ಮಾಡ್ತಾವೆ. ಮರಳಗಾಳಿ ಕೆಲಸ ಮಾಡಲ್ಲ. ರಾಕ್ ಟೈಪ್‌ಗೆ ಅದರಿಂದ ನೋವಿಲ್ಲ, ನಾಲ್ಕನೇ ಜನರೇಶನ್‌ನಿಂದ ಸ್ಪೆಷಲ್ ಡಿಫೆನ್ಸ್ ಒಂದೂವರೆ ಪಟ್ಟು ಏರೋದ್ರಿಂದ ನಿಮಗೇ ನಷ್ಟ.

ಡಿಫೆನ್ಸ್ ಕರ್ಲ್ ಹಾಕಿ (ಮುದುರಿಕೊಂಡು) ರೋಲೌಟ್ (ಉರುಳೋ ಏಟು) ಶುರು ಮಾಡೋ ಬಂಡೆನೂ ನೆನಪಿಡಿ. ರೋಲೌಟ್ ಬಲ 30, 60, 120, 240, 480 ಅಂತ ಐದು ಟರ್ನ್ ಏರ್ತೈತೆ, ಕರ್ಲ್ ಹಾಕಿದ್ರೆ ಎಲ್ಲವೂ ಎರಡು ಪಟ್ಟು. ಒಂದು ಸಲ ಗುರಿ ತಪ್ಪಿದ್ರೆ ಮತ್ತೆ 30. ಇದು ಎರಡನೇ ಗುಹೆಗೆ ಒಳ್ಳೆ ಸರಕು.

ಹಟ್ಟಿ_ಕಿಡಿ

ಈಗ ನಮ್ಮ ಆಟಕ್ಕ ಒಂದು ಮಾತು. ನಾಯಕಿ ಹತ್ರ ಬೆಂಕಿ, ನೀರು ಎರಡೂ ಅದಾವ. ಬಂಡಿಗೆ ಬೆಂಕಿ ತಾಗಂಗಿಲ್ಲ ಅಂತ ಬಿಟ್ರ ಬೆಂಕಿ ಮಂತ್ರ ಹಾಳು. ಸುರಂಗಕ್ಕ ಮದ್ದು ಬರೋ ಮುಂಚೆ ಗಣಿಯೊಳಗ ಬಂಡಿಗೆ ಬೆಂಕಿ ಹಚ್ಚಿ ಕಾಸಿ ಬಿರುಕು ಬಿಡಸ್ತಿದ್ರು. ಕಾದ ಕಲ್ಲು ಉಬ್ಬತದ, ಒಮ್ಮೆಗೇ ತಣ್ಣಗಾದ್ರ ಸೀಳತದ. ಆ ಪ್ರಕಾರ ಮಾಡ್ರಿ. ಬೆಂಕಿ ಏಟು ಅರ್ಧ ಬೀಳ್ಲಿ, ಆದ್ರ 'ಕಾದ ಬಂಡೆ' ಅಂತ ಸ್ಥಿತಿ ಹತ್ತಲಿ. ಆ ಸ್ಥಿತಿಯೊಳಗ ನೀರಿನ ಏಟು ಇನ್ನೂ ಎರಡು ಪಟ್ಟು ಆಗ್ಲಿ.

ದೋಆಬ್_ಕೋಡ್

ಅಕ್ಕನ ಮಾತು ಚಂದ ಇದೆ, ಅಂಕಿ ಸರಿ ಇಟ್ಟರೆ ಮಾತ್ರ. ನೀರಿಗೆ 200 ಪರ್ಸೆಂಟ್, ಬೆಂಕಿಗೆ 50, ಎಚ್‌ಪಿ 120 ಇಟ್ಟು ನೋಡಿ. ಬರೀ ನೀರು ಎರಡು ಸಲ: 60 + 60, ಸತ್ತಿತು. ಬೆಂಕಿ ಆಮೇಲೆ ನೀರು: 15 + 120, ಸತ್ತಿತು. ಎರಡೂ ಎರಡೇ ಟರ್ನ್. ಹಾಗಿದ್ದರೆ ಬೆಂಕಿ ಯಾರು ಹೊಡೆಯುತ್ತಾರೆ?

ಅದಕ್ಕೆ ನೀರಿನ ಪಟ್ಟು 150ಕ್ಕೆ ಇಳಿಸಿ. 'ಕಾದ ಬಂಡೆ' ಸ್ಥಿತಿಯ ಟ್ರೇಟ್ಸ್ (ಗುಣಗಳ) ಪಟ್ಟಿಯಲ್ಲಿ ಎಲಿಮೆಂಟ್ ರೇಟ್ ನೀರು 200 ಪರ್ಸೆಂಟ್ ಹಾಕಿ. ಎಂಜಿನ್ ಇವೆರಡನ್ನು ಗುಣಿಸುತ್ತದೆ, ಒಟ್ಟು 300. ಈಗ ಬರೀ ನೀರು 45, ಬೆಂಕಿ 15, ಕಾದ ಮೇಲೆ ನೀರು 90.

ಸ್ಕಿಲ್‌ನಲ್ಲಿ ವೇರಿಯನ್ಸ್ (ಏಟು ಎಷ್ಟು ಪರ್ಸೆಂಟ್ ಹೆಚ್ಚು ಕಡಿಮೆ ಆಗಬಹುದು ಎಂಬುದು) 20 ಎಂದು ಇರುತ್ತದೆ. ಅದನ್ನು 5 ಮಾಡಿ, ಇಲ್ಲದಿದ್ದರೆ ಮುಂದಿನ ಲೆಕ್ಕ ನಿಲ್ಲುವುದಿಲ್ಲ. 5 ಇಟ್ಟರೆ 45ರ ಏಟು 43ರಿಂದ 47, 90ರ ಏಟು 86ರಿಂದ 94, ಬೆಂಕಿಯ 15 ಮತ್ತು ಕತ್ತಿಯ 10 ಕದಲುವುದಿಲ್ಲ.

ಬರೀ ನೀರು ಎರಡು ಸಲ ಹೊಡೆದರೆ ಅತಿ ಹೆಚ್ಚು 94. ಬೆಂಕಿ, ನೀರು ಹೊಡೆದರೆ ಅತಿ ಕಡಿಮೆ 101. ಹಾಗಾಗಿ ಬಂಡೆಯ ಎಚ್‌ಪಿ 95ರಿಂದ 101ರ ಒಳಗೆ ಎಲ್ಲೇ ಇಟ್ಟರೂ ಬೆಂಕಿ-ನೀರು ಎರಡು ಟರ್ನ್, ಬರೀ ನೀರು ಮೂರು ಟರ್ನ್, ಬರೀ ಕತ್ತಿ ಹತ್ತು ಟರ್ನ್ ಹತ್ತಿರ. 98 ಇಡಿ. ನಿಮ್ಮ 400 ಎಲ್ಲಿ, 98 ಎಲ್ಲಿ!

ಸಿಡಿತವನ್ನು ಎಚ್‌ಪಿ 30 ಪರ್ಸೆಂಟ್‌ಗೆ ಕಟ್ಟಿ. 98ಕ್ಕೆ ಅದು 29. ಬರೀ ನೀರಿನವರು ಎರಡು ಟರ್ನ್ ಆದಮೇಲೆ ಬಂಡೆಗೆ 4ರಿಂದ 12 ಉಳಿಸಿರುತ್ತಾರೆ, ಸಿಡಿತ ಎದುರಿಸಬೇಕು. ಕತ್ತಿಯವರು ಏಳನೇ ಏಟಿಗೆ 28ಕ್ಕೆ ತರುತ್ತಾರೆ, ಅವರೂ ಎದುರಿಸಬೇಕು. ಬೆಂಕಿ ಹಚ್ಚಿ ನೀರು ಎರಚಿದವರಿಗೆ ಸಿಡಿತವೇ ಬರುವುದಿಲ್ಲ, ಬಂಡೆ ನೇರ 83ರಿಂದ ಸೊನ್ನೆಗೆ. ಬಂಡೆಯನ್ನು ಓದಿದವರಿಗೆ ಆಟ ಕೊಡುವ ಬಹುಮಾನ ಇದೇ ಆಗಲಿ.

ಗಂಗಾವತಿ_ಪಿಕ್ಸೆಲ್

ಇದ ಬೇಕಾಗಿತ್ತು! ಎಂವಿದಾಗ ಕೂಡಿಸೋದು ಹೆಂಗ? ಒಂದೊಂದ ಹೆಜ್ಜೆ ಹೇಳ್ರಿ ಅಣ್ಣ.

ದೋಆಬ್_ಕೋಡ್

ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಅಲ್ಲಲ್ಲೇ.

'ಕಾದ ಬಂಡೆ' ಸ್ಥಿತಿ. ಆಟೋ ರಿಮೂವಲ್ (ತಾನಾಗಿ ಹೋಗುವ ಹೊತ್ತು) ಟರ್ನ್ ಎಂಡ್, ಅವಧಿ 2ರಿಂದ 2. ಇಲ್ಲಿ 1 ಹಾಕಿದರೆ ಬೆಂಕಿ ಹಚ್ಚಿದ ಟರ್ನ್ ಮುಗಿಯುವಾಗಲೇ ಸ್ಥಿತಿ ಹೋಗಿಬಿಡುತ್ತದೆ, ನೀರು ಹೊಡೆಯುವ ಹೊತ್ತಿಗೆ ಬಂಡೆ ತಣ್ಣಗಿರುತ್ತದೆ. ಬೆಂಕಿ ಮಂತ್ರದ ಎಫೆಕ್ಟ್‌ನಲ್ಲಿ ಈ ಸ್ಥಿತಿ ಸೇರಿಸುವುದು 100 ಪರ್ಸೆಂಟ್. ಬಂಡೆಯ ಲಕ್ ಅಂಕಿ ನಾಯಕಿಯದಕ್ಕಿಂತ ಹೆಚ್ಚು ಇರಬಾರದು, ಹೆಚ್ಚಿದ್ದರೆ ಆ 100 ಸ್ವಲ್ಪ ಇಳಿದು ಒಮ್ಮೊಮ್ಮೆ ಹತ್ತುವುದಿಲ್ಲ.

'ಬಿರುಕು' ಸ್ಥಿತಿ. ಸಿಡಿಯುವ ಮುನ್ನಿನ ಗುರುತು ಇದು. ತಾನಾಗಿ ಹೋಗಬಾರದು, ಅಷ್ಟೇ.

ಸಿಡಿತದ ಸ್ಕಿಲ್. ಗುರಿ ಎದುರಾಳಿಗಳೆಲ್ಲ. ಸೂತ್ರ: ಗುರಿಯ ಗರಿಷ್ಠ ಎಚ್‌ಪಿ × 0.6. ವೇರಿಯನ್ಸ್ 0. ಗಾರ್ಡ್ ಮಾಡಿದರೆ (ಹೊಡೆಯದೆ ತಡೆದು ನಿಂತರೆ) ಅರ್ಧ, ಅಂದರೆ 30 ಪರ್ಸೆಂಟ್. ಈ ಸ್ಕಿಲ್‌ನ ಸ್ಪೀಡ್ ಪೆಟ್ಟಿಗೆಯಲ್ಲಿ 1000 ಹಾಕಿ. ಏಕೆಂದರೆ ಬಂಡೆ ನಿಧಾನ. ಸ್ಪೀಡ್ ಹಾಕದಿದ್ದರೆ ನಾಯಕಿಯೇ ಮೊದಲು ಹೊಡೆದು ಉಳಿದ 8 ಎಚ್‌ಪಿ ಮುಗಿಸುತ್ತಾಳೆ, ಸಿಡಿತ ಎಂದೂ ನಡೆಯುವುದಿಲ್ಲ. ಎಂವಿಯ ಗಾರ್ಡ್‌ಗೆ ಸ್ಪೀಡ್ 2000 ಇರುತ್ತದೆ, ಆದ್ದರಿಂದ 1000 ಇಟ್ಟರೆ ಗಾರ್ಡ್ ಮೊದಲು, ಸಿಡಿತ ನಂತರ, ಕತ್ತಿ ಕೊನೆಗೆ. 2000 ಹಾಕಬೇಡಿ.

ವೈರಿಯ ಆ್ಯಕ್ಷನ್ ಪಟ್ಟಿ. ಸಾಮಾನ್ಯ ಏಟಿಗೆ ರೇಟಿಂಗ್ 5, ಸಿಡಿತಕ್ಕೆ 9, ಸಿಡಿತದ ಕಂಡಿಷನ್: 'ಬಿರುಕು' ಸ್ಥಿತಿ. ರೇಟಿಂಗ್ ಅಂತರ 3 ಅಥವಾ ಹೆಚ್ಚಾದರೆ ಕೆಳಗಿನದು ಆಯ್ಕೆಯಾಗುವುದೇ ಇಲ್ಲ, ಹಾಗಾಗಿ ಬಿರುಕು ಬಿಟ್ಟ ಬಂಡೆ ಸಿಡಿದೇ ಸಿಡಿಯುತ್ತದೆ.

ಟ್ರೂಪ್‌ನ (ವೈರಿ ಗುಂಪಿನ) ಬ್ಯಾಟಲ್ ಇವೆಂಟ್ ಪುಟ. ಕಂಡಿಷನ್ ಎರಡು: ಟರ್ನ್ ಎಂಡ್, ಮತ್ತು ವೈರಿಯ ಎಚ್‌ಪಿ 30 ಪರ್ಸೆಂಟ್ ಅಥವಾ ಕಡಿಮೆ. ಸ್ಪ್ಯಾನ್ ಬ್ಯಾಟಲ್, ಅಂದರೆ ಒಂದು ಹೊಡೆದಾಟಕ್ಕೆ ಒಮ್ಮೆ. ಸ್ಪ್ಯಾನ್ ಮೊಮೆಂಟ್ ಇಟ್ಟು ಕಂಡಿಷನ್ ನಿಜವಾಗಿಯೇ ಉಳಿದರೆ ಪುಟ ಮತ್ತೆ ಮತ್ತೆ ಓಡಿ ಆಟ ಅಲ್ಲೇ ನಿಂತುಬಿಡುತ್ತದೆ. ಪುಟದೊಳಗೆ: 'ಬಂಡೆಯ ಬಿರುಕಿನಿಂದ ಬೆಳಕು ಸೋರುತ್ತಿದೆ' ಎಂಬ ಮಾತು, ನಂತರ ವೈರಿಗೆ 'ಬಿರುಕು' ಸ್ಥಿತಿ ಸೇರಿಸು. ಮುಂದಿನ ಟರ್ನ್‌ನಲ್ಲಿ ಸಿಡಿತ. ನಡುವೆ ಆಟಗಾರನಿಗೆ ಗಾರ್ಡ್ ಒತ್ತಲು ಒಂದು ಪೂರ್ತಿ ಅವಕಾಶ.

ಸಿಡಿದ ಮೇಲೆ ಬಂಡೆ ಸಾಯಬೇಕು. ಸ್ಕಿಲ್ ಎಫೆಕ್ಟ್‌ನಲ್ಲಿ ಒಂದು ಕಾಮನ್ ಇವೆಂಟ್ (ಎಲ್ಲಿಂದಲೂ ಕರೆಯಬಹುದಾದ ಆದೇಶಗಳ ಪಟ್ಟಿ) ಕರೆಯಿರಿ, ಅದರಲ್ಲಿ ವೈರಿ 1ಕ್ಕೆ ನಾಕೌಟ್ ಸ್ಥಿತಿ ಸೇರಿಸಿ. ಹೀಗೆ ಸತ್ತರೂ ಅನುಭವದ ಅಂಕ, ಸಾಮಾನು ಎರಡೂ ಸಿಗುತ್ತವೆ, ಎಂಜಿನ್ ಸತ್ತ ವೈರಿಗಳನ್ನಷ್ಟೇ ಎಣಿಸುತ್ತದೆ.

ಕೊಪ್ಪಳ_ಕೋಟೆ

ಬಿರುಕು ಬಿಟ್ಟಾಗ ಚಿತ್ರನೂ ಬದಲಾಗಬೇಕಲ್ಲ? ಸ್ಥಿತಿಗೆ ಓವರ್‌ಲೇ (ಮ್ಯಾಲೆ ಹಾಕೋ ಚಿತ್ರ) ಅಂತ ಐತಿ, ಅದು ವೈರಿ ಮ್ಯಾಲ ಕಾಣೋದಿಲ್ಲ, ಬರೇ ಐಕಾನ್ ಬರತೈತಿ.

ದೋಆಬ್_ಕೋಡ್

ಹೌದು. ಅದಕ್ಕೆ ಎನಿಮಿ ಟ್ರಾನ್ಸ್‌ಫಾರ್ಮ್ ಬಳಸಿ. ಅದೇ ಅಂಕಿ, ಬೇರೆ ಚಿತ್ರ ಇರುವ ಎರಡನೇ ವೈರಿಯನ್ನು ಪಟ್ಟಿಯಲ್ಲಿ ಇಟ್ಟು ಅದಕ್ಕೆ ಬದಲಿಸಿ. ಎಚ್‌ಪಿ, ಸ್ಥಿತಿಗಳು ಹಾಗೇ ಉಳಿಯುತ್ತವೆ. ಹೊಸ ವೈರಿಯ ಆ್ಯಕ್ಷನ್ ಪಟ್ಟಿಯಲ್ಲೂ ಸಿಡಿತ ಇರಲೇಬೇಕು.

ಒಂದು ಎಚ್ಚರ. ಟ್ರಾನ್ಸ್‌ಫಾರ್ಮ್ ಆಗುವಾಗ ಆ ಟರ್ನ್‌ನ ಕೆಲಸ ಇನ್ನೂ ಬಾಕಿ ಇದ್ದರೆ ಎಂಜಿನ್ ವೈರಿಗೆ ಹೊಸದಾಗಿ ಕೆಲಸ ಆರಿಸುತ್ತದೆ. ಟರ್ನ್ ನಡುವೆ ಬಿರುಕು ಸ್ಥಿತಿ ಸೇರಿಸಿ ಟ್ರಾನ್ಸ್‌ಫಾರ್ಮ್ ಮಾಡಿದರೆ ಬಂಡೆ ಅದೇ ಟರ್ನ್‌ನಲ್ಲಿ ಸಿಡಿಯುತ್ತದೆ, ಗಾರ್ಡ್‌ಗೆ ಸಮಯವೇ ಇರುವುದಿಲ್ಲ. ಪುಟಕ್ಕೆ ಟರ್ನ್ ಎಂಡ್ ಹಾಕಲು ಹೇಳಿದ್ದು ಇದಕ್ಕೂ ಸೇರಿ.

ಹಟ್ಟಿ_ಕಿಡಿ

60 ಪರ್ಸೆಂಟ್ ಹೆಚ್ಚಾಯ್ತು ಅನಿಸ್ತದ. ಏಳು ಟರ್ನ್ ಕತ್ತಿ ಹೊಡೆದವರಿಗೆ ಅಷ್ಟೊತ್ತಿಗೆ ಎಚ್‌ಪಿ ಅರ್ಧ ಇರಂಗಿಲ್ಲ.

ಬಳ್ಳಾರಿ_ಗುಡ್ಡ

ಇರ್ಲಿ ಅಕ್ಕ, 60 ಬೇಕು. 40 ಇಟ್ರೆ ಗಾರ್ಡ್ ಒತ್ತೋ ಅಗತ್ಯವೇ ಬರಲ್ಲ, ಎಚ್ಚರಿಕೆ ಮಾತು ಓದದೆ ಒತ್ಕೊಂಡು ಹೋಗ್ತಾರೆ. ಆದರೆ ಮೊದಲನೇ ಬಂಡೆಯ ಸಾಮಾನ್ಯ ಏಟು ಮೆತ್ತಗಿರ್ಲಿ, ಟರ್ನ್‌ಗೆ ನಾಯಕಿಯ ಎಚ್‌ಪಿಯ 5 ಪರ್ಸೆಂಟ್ ಮೀರಬಾರದು. ಆಗ ಏಳು ಟರ್ನ್‌ಗೆ 35 ಹೋಗಿ 65 ಉಳೀತೈತೆ. ಬಿರುಕು ಪೂರ್ತಿ ಬೆಳಗೋ ಎಂಟನೇ ಟರ್ನ್‌ಗೆ ಗಾರ್ಡ್ ಒತ್ತಿದ್ರೆ 35, ಒತ್ತದಿದ್ರೂ 5 ಉಳಿಸ್ಕೊಂಡು ಬದುಕ್ತಾಳೆ. ಹೆದರಿಕೆ ಹುಟ್ತೈತೆ, ಸಾವು ಇಲ್ಲ.

ಹಟ್ಟಿ_ಕಿಡಿ

5 ಪರ್ಸೆಂಟ್‌ಗೆ ಒಪ್ಪಿಗಿ. ಎರಡನೇ ಗುಹೆಗೆ ಏರಸ್ರಿ.

ಗಂಗಾವತಿ_ಪಿಕ್ಸೆಲ್

ಎರಡನೇ ಗುಹೆಯಾಗ ಮೂರು ಮಂದಿ ಇರ್ತಾರ. 98 ನಡೀತೈತೇನು? ಇನ್ನೊಂದು, ಸಂಭಾಷಣೆಯಾಗ ಕನ್ನಡ ಅಕ್ಷರ ಒಡದು ಬರಾಕತ್ತಾವ. 'ಶಕ್ತಿ' ಅನ್ನೋದು ಶ, ಕ, ಚುಕ್ಕಿ ವೃತ್ತ ಅಂತ ಚೂರಾಗಿ ಕಾಣತೈತಿ. ಮೆನುದಾಗ ಸರಿ ಐತಿ.

ದೋಆಬ್_ಕೋಡ್

98 ನಡೆಯುವುದಿಲ್ಲ. ಇಬ್ಬರು ಕತ್ತಿಯವರು ಟರ್ನ್‌ಗೆ 20 ಸೇರಿಸುತ್ತಾರೆ, ಬರೀ ನೀರಿನ ದಾರಿಯೂ ಎರಡೇ ಟರ್ನ್‌ನಲ್ಲಿ ಮುಗಿಯುತ್ತದೆ. ಮೂರು ಜನಕ್ಕೆ ಲೆಕ್ಕ: ನೀರು ಎರಡು ಸಲ ಮತ್ತು ನಾಲ್ಕು ಕತ್ತಿ ಏಟು, ಅತಿ ಹೆಚ್ಚು 134. ಬೆಂಕಿ, ನೀರು ಮತ್ತು ನಾಲ್ಕು ಕತ್ತಿ ಏಟು, ಅತಿ ಕಡಿಮೆ 141. ಹಾಗಾಗಿ ಎಚ್‌ಪಿ 135ರಿಂದ 141, ನಡುವಿನ 138 ಇಡಿ. ಬರೀ ನೀರಿನ ಮೊದಲ ಟರ್ನ್ ಮುಗಿದಾಗ 73ರ ಸುತ್ತ ಇರುತ್ತದೆ, 30 ಪರ್ಸೆಂಟ್ ಎಂದರೆ 41, ಹಾಗಾಗಿ ಬೇಗ ಸಿಡಿಯುವುದಿಲ್ಲ. ಕತ್ತಿಯವರ ಅಟ್ಯಾಕ್ 20 ದಾಟಿದ ದಿನ ಈ ಲೆಕ್ಕ ಮತ್ತೆ ಹಾಕಬೇಕು.

ಅಕ್ಷರದ ವಿಷಯ. ಎಂವಿ ಸಂಭಾಷಣೆ, ಬ್ಯಾಟಲ್ ಲಾಗ್, ಸಾಮಾನಿನ ವಿವರಣೆ ಇವನ್ನು ಒಂದೊಂದೇ ಯೂನಿಕೋಡ್ ಚಿಹ್ನೆಯಾಗಿ ಬಿಡಿಸಿ ಬರೆಯುತ್ತದೆ. ನಮ್ಮ ಒತ್ತಕ್ಷರ, ಗುಣಿತ ಅಕ್ಕಪಕ್ಕದ ಚಿಹ್ನೆ ಕೂಡಿದರೆ ಮಾತ್ರ ರೂಪ ತಾಳುತ್ತವೆ. ಮೆನು, ಹೆಸರುಗಳನ್ನು ಇಡೀ ಸಾಲಾಗಿ ಬರೆಯುವುದರಿಂದ ಅಲ್ಲಿ ಸರಿ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಎಂವಿಯಲ್ಲೇ ಉಳಿಯುವುದಾದರೆ ಕನ್ನಡ ಚಿಹ್ನೆಗಳನ್ನು ಗುಂಪಾಗಿ ಕೂಡಿಸಿ ಒಟ್ಟಿಗೆ ಬರೆಯುವ ಸಣ್ಣ ಪ್ಲಗಿನ್ ಬೇಕು. ಯೂನಿಕೋಡ್‌ನ ಕನ್ನಡ ಜಾಗ 128 ಸ್ಥಾನಗಳದ್ದು. ಅದರ ಜೊತೆ ಅರ್ಧಾಕ್ಷರ ಬಿಡಿಸುವ ಕಾಣದ ಚಿಹ್ನೆಯನ್ನೂ ಗುಂಪಿಗೆ ಸೇರಿಸಿ, ಅದು ಆ 128ರ ಹೊರಗಿದೆ. ಮರೆತರೆ 'ಎಚ್‌ಪಿ' ಒಡೆಯುತ್ತದೆ.

ಎಂವಿಯ ನಂತರದ ಆವೃತ್ತಿ ಎಂಝಡ್‌ಗೆ ಹೋದರೆ ಸುಲಭ. ಅಲ್ಲಿ ಸಂಭಾಷಣೆಯ ಪ್ರತಿ ಸಾಲಿನ ಮೊದಲಿಗೆ \> ಹಾಕಿದರೆ ಸಾಲು ಒಟ್ಟಿಗೆ ಬರುತ್ತದೆ, ಅಕ್ಷರ ಕೂಡುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಗೊಡೋ 4 ಎಂಬ ಬೇರೆ ಎಂಜಿನ್ ಇನ್ನೂ ಒಳ್ಳೆಯದು, ಒತ್ತಕ್ಷರ ಜೋಡಿಸುವ ವ್ಯವಸ್ಥೆ ಅದರಲ್ಲೇ ಇದೆ. ಗೊಡೋ 3ರಲ್ಲಿ ಇಲ್ಲ. ಫಾಂಟಿಗೆ ನೋಟೋ ಸ್ಯಾನ್ಸ್ ಕನ್ನಡ, ಮುಕ್ತ ಪರವಾನಗಿ, ಆಟದ ಜೊತೆ ಹಂಚಬಹುದು. ಎಂವಿಯಲ್ಲಿ ಅಕ್ಷರದ ಅಳತೆ 28, ಸಾಲಿನ ಎತ್ತರ 36. ಕೆಳಗಿನ ಒತ್ತು ಕತ್ತರಿಸಿದಂತೆ ಕಂಡರೆ ಅಕ್ಷರ 24ಕ್ಕೆ ಇಳಿಸಿ.

ಗಂಗಾವತಿ_ಪಿಕ್ಸೆಲ್

ಎಂಝಡ್‌ಗೆ ಹೋಗ್ತೀವಿ. ಕೊನೇದು ಒಂದು: ಎರಡನೇ ಗುಹೆಯಾಗ ಎರಡು ಬಂಡಿ ಒಟ್ಟಿಗೆ ನಿಲ್ಲಿಸಿದ್ರ ಆ ಕಾಮನ್ ಇವೆಂಟ್ ಯಾರನ್ನ ಸಾಯಿಸತೈತಿ?

ದೋಆಬ್_ಕೋಡ್

ಯಾವಾಗಲೂ ಒಂದನೆಯದನ್ನೇ, ಸಿಡಿದದ್ದು ಎರಡನೆಯದಾದರೂ. ಕಾಮನ್ ಇವೆಂಟ್‌ನಲ್ಲಿ ನಾವು ಬರೆದ ಸ್ಥಾನ ಬಿಟ್ಟು ಬೇರೆ ಇರುವುದಿಲ್ಲ. ಆದ್ದರಿಂದ ಎಡ ಬಂಡೆ, ಬಲ ಬಂಡೆ ಎಂದು ಎರಡು ವೈರಿ ಮಾಡಿ. ಎರಡಕ್ಕೂ ಬೇರೆ ಸಿಡಿತದ ಸ್ಕಿಲ್, ಬೇರೆ ಕಾಮನ್ ಇವೆಂಟ್, ಟ್ರೂಪ್‌ನಲ್ಲಿ ಬೇರೆ ಪುಟ. ಎಡದ್ದು ಸದಾ ಸ್ಥಾನ 1, ಬಲದ್ದು ಸ್ಥಾನ 2. ಟ್ರೂಪ್‌ಗೆ ಸೇರಿಸುವ ಅನುಕ್ರಮವೇ ಸ್ಥಾನ, ಪರದೆಯ ಮೇಲೆ ಎಲ್ಲಿ ಎಳೆದಿಟ್ಟರೂ ಅದು ಬದಲಾಗುವುದಿಲ್ಲ. ಹೆಸರು ಮಾತ್ರ ಎರಡಕ್ಕೂ 'ಬಂಡೆ ರಾಕ್ಷಸ' ಎಂದೇ ಇಡಿ.